ಕೂಪರೇಜಿನ ಸಂಜೆ, ಮುಂಬಯಿಯ ರಾತ್ರಿಯೂಟ

ನಮ್ಮ ವಾಚನಾಲಯಕ್ಕೆ ಪ್ರತಿ ಸೋಮವಾರ ತಪ್ಪದೆ ಬರುವ ಹೊಟೇಲು ಹುಡುಗನೊಬ್ಬನಿದ್ದಾನೆ. ಕುಂದಾಪುರದ ಕಡೆಯವನು; ಸೋಮವಾರ ಅವನಿಗೆ ವಾರದ ರಜೆ. ಕಳೆದ ತಿಂಗಳು ಅವನು ನನ್ನ ಮೇಜಿನ ಬಳಿ ಬಂದು, ಜೇಬಿನಿಂದ ಮಡಿಸಿದ ಕರಪತ್ರವೊಂದನ್ನು ತೆಗೆದು ಮುಂದಿಟ್ಟ. ಫುಟ್‌ಬಾಲ್ ತರಬೇತಿಯ ಕೂಟವಂತೆ, ರಾತ್ರಿ ಭೋಜನ ಸಹಿತ, ದೊಡ್ಡ ದೊಡ್ಡ ಕೋಚುಗಳ ಭೇಟಿ, ಆಯ್ಕೆಯಾದವರಿಗೆ ನೌಕರಿ. ಶುಲ್ಕ ಮಾತ್ರ ಅವನ ಎರಡು ತಿಂಗಳ ಪಗಾರದಷ್ಟು, ಅದೂ ಮುಂಗಡ. “ಅಣ್ಣಾ, ಹೋಪುದಾ ಬ್ಯಾಡ್ದಾ?” ಎಂದು ಕೇಳಿದ. ಅಂದು ಅವನಿಗೆ ಹೇಳಿದ್ದನ್ನೇ, ಇನ್ನೂ ಕೆಲವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮುಂಬಯಿ ನೋಡಲು ಬರುವವರು ಗೇಟ್‌ವೇ, ತಾಜ್, ಮರೀನ್ ಡ್ರೈವಿನ ದೀಪಗಳನ್ನು ನೋಡಿ ಹೋಗುತ್ತಾರೆ. ಅಲ್ಲಿಂದ ಕೂಗಳತೆಯಲ್ಲಿರುವ ಕೂಪರೇಜ್ ಮೈದಾನದ ಕಡೆಗೆ ಹೊರಳುವವರು ಕಡಿಮೆ. ಈ ನಗರದ ಕಾಲ್ಚೆಂಡಿನಾಟದ ಮುಖ್ಯ ಅಂಗಳ ಅದೇ. ರೋವರ್ಸ್ ಕಪ್ ಎಂಬ ಪಂದ್ಯಾವಳಿ 1891ರಲ್ಲಿ ಗೋರಾ ಪಲ್ಟಣಗಳ ಆಟವಾಗಿ ಮುಂಬಯಿಯಲ್ಲಿ ಆರಂಭವಾಯಿತು. ಬಹಳ ವರ್ಷ ಕಪ್ಪು ಸಿಪಾಯಿಗಳ ಕೈಯಲ್ಲೇ ಉಳಿಯಿತು. ಅದನ್ನು ಮೊದಲು ಗೆದ್ದ ಭಾರತೀಯ ತಂಡ ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕಲಕತ್ತೆಯ ಹೆಸರು ಹೇಳುತ್ತಾರೆ. ಅಲ್ಲ, 1937ರಲ್ಲಿ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರು. ನಮ್ಮವರು ಕ್ರಿಕೆಟಿಗೇ ಹುಟ್ಟಿದವರೆಂದು ತಿಳಿದವರಿಗಾಗಿ ಇಷ್ಟು ಹೇಳಿದೆ.

ಈಗ ನೌಕರಿಯ ಮಾತು. ಈ ಕರಪತ್ರದಲ್ಲಿ ಹುಡುಗರನ್ನು ಎಳೆಯುವುದು ಅದೊಂದೇ ಶಬ್ದ. ಅದು ಪೂರ್ತಿ ಸುಳ್ಳಿನಿಂದ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಮುಂಬಯಿಯಲ್ಲಿ ಚೆಂಡು ಒದೆಯಬಲ್ಲವನಿಗೆ ಕಚೇರಿಯ ಬಾಗಿಲು ತೆರೆಯುತ್ತಿತ್ತು. ಟಾಟಾ, ಕ್ಯಾಲ್ಟೆಕ್ಸ್, ರೈಲ್ವೆ, ಏರ್ ಇಂಡಿಯಾ, ಮಫತ್‌ಲಾಲ್ ಮಿಲ್ಲು, ಆರ್ಕೆ ಮಿಲ್ಲು, ಇವರೆಲ್ಲರಿಗೂ ಸ್ವಂತ ತಂಡಗಳಿದ್ದವು. ಆಟಗಾರನ ಹೆಸರು ಹಾಜರಿ ಪುಸ್ತಕದಲ್ಲಿರುತ್ತಿತ್ತು, ಮಧ್ಯಾಹ್ನದ ಮೇಲೆ ಮೈದಾನಕ್ಕೆ ರಜೆ ಸಿಗುತ್ತಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಇಂಥ ಮುಂಬಯಿಯ ಮೈದಾನಗಳಿಂದಲೇ ಬಂದವರು; ಬಾಂದ್ರೆಯಲ್ಲಿ ಅವರ ಹೆಸರಿನ ಮೈದಾನವಿದೆ. ಆದರೆ 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅವುಗಳ ತಂಡಗಳೂ ಹೋದವು. ರಾಷ್ಟ್ರೀಯ ಲೀಗ್ ಗೆದ್ದಿದ್ದ ಮಹೀಂದ್ರದ ತಂಡವನ್ನೇ 2010ರಲ್ಲಿ ಮುಚ್ಚಿದರು. ರೋವರ್ಸ್ ಕಪ್ಪೂ ಈ ಶತಮಾನದ ಆರಂಭದಲ್ಲಿ ನಿಂತಿತು. ಗಿರಣಿಯ ಕಾರಕೂನನಾದ ನನಗೆ ಈ ಪಟ್ಟಿ ಬರೆಯುವಾಗ ಕೈ ಸ್ವಲ್ಪ ಭಾರವಾಗುತ್ತದೆ.

ರೈಲ್ವೆಯಂಥ ಕಡೆ ಕ್ರೀಡಾಪಟುಗಳ ಭರ್ತಿ ಈಗಲೂ ಉಂಟು. ಅದಕ್ಕೆ ಪ್ರಕಟಣೆ ಹೊರಡುತ್ತದೆ, ರಾಜ್ಯ ಅಥವಾ ರಾಷ್ಟ್ರಮಟ್ಟದಲ್ಲಿ ಆಡಿದ ದಾಖಲೆ ಕೇಳುತ್ತಾರೆ, ಮೈದಾನದಲ್ಲಿ ಪರೀಕ್ಷೆ ಇಡುತ್ತಾರೆ. ಭೋಜನಕೂಟದಲ್ಲಿ ಹಣ ಕಟ್ಟಿಸಿಕೊಂಡು ಯಾರೂ ಅದನ್ನು ಕೊಡಿಸಲಾರರು.

ಹಾಗಾದರೆ ನಿಜವಾದ ಕೋಚು ಎಂದರೆ ಯಾರು? ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮರನ್ನು ನೆನೆಯಿರಿ. ವೃತ್ತಿಯಿಂದ ಶಾಲಾ ಮಾಸ್ತರರು. ಅವರ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಸತತ ಇದೇ ಮುಂಬಯಿಗೆ ಬಂದು ರೋವರ್ಸ್ ಕಪ್ ಒಯ್ದಿತು. ಅವರ ಕೈಕೆಳಗೆ ಭಾರತ 1951ರಲ್ಲಿ ದಿಲ್ಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. ಬಲಗಾಲಿನವನಿಗೆ ಎಡಗಾಲಲ್ಲೇ ಆಡಿಸುವ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರೆಂದು ಹೇಳುತ್ತಾರೆ. ಯೋಚಿಸಿ ನೋಡಿದರೆ ಇದರಲ್ಲಿ ದೊಡ್ಡ ಬುದ್ಧಿಯಿದೆ. ಒಂದೇ ಕಾಲು ಬಳಸುವವನು ಚೆಂಡು ಬಂದಾಗ ಮೈ ತಿರುಗಿಸಲು ಒಂದು ಕ್ಷಣ ಕಳೆಯುತ್ತಾನೆ. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ. ಎರಡೂ ಕಾಲು ಪಳಗಿದವನಿಗೆ ಆ ಕ್ಷಣ ಉಳಿಯುತ್ತದೆ. ತರಬೇತಿ ಎಂದರೆ ಹೀಗೆ ಕ್ಷಣ ಉಳಿಸುವ ಕೆಲಸ. ಒಳ್ಳೆಯ ಕೋಚು ಇಪ್ಪತ್ತೆರಡು ಜನರನ್ನು ದೊಡ್ಡ ಮೈದಾನದಲ್ಲಿ ಓಡಿಸುವುದಿಲ್ಲ. ನಾಲ್ಕಾರು ಜನರನ್ನು ಚಿಕ್ಕ ಚೌಕದಲ್ಲಿ ನಿಲ್ಲಿಸಿ ಚೆಂಡು ಹಿಡಿ, ನೋಡು, ಕೊಡು ಎಂದು ಆಡಿಸುತ್ತಾನೆ. ಚೌಕ ಚಿಕ್ಕದಾದಷ್ಟೂ ಚೆಂಡು ಒಬ್ಬೊಬ್ಬನ ಕಾಲಿಗೆ ಹೆಚ್ಚು ಸಲ ಬರುತ್ತದೆ.

ಕೋಚುಗಳಿಗೂ ಈಗ ಪರೀಕ್ಷೆಗಳುಂಟು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ‘ಡಿ’ ಲೈಸೆನ್ಸು ಕೆಳಗಿನ ಮೆಟ್ಟಿಲು. ಮೇಲೆ ಏಷ್ಯದ ಒಕ್ಕೂಟದ ಸಿ, ಬಿ, ಎ, ಪ್ರೊ ಎಂಬ ಮೆಟ್ಟಿಲುಗಳು. ನಿಮ್ಮದು ಯಾವುದು ಎಂದು ನಮ್ರತೆಯಿಂದ ಕೇಳಬಹುದು. ನಿಜವಾದವನು ಸಿಟ್ಟಾಗದೆ ಹೇಳುತ್ತಾನೆ. ಕರಪತ್ರದ ನಂಬರಿಗೆ ಫೋನ್ ಮಾಡಿ ಹುಡುಗ ಇದನ್ನೇ ಕೇಳಿದ. ಆ ಕಡೆಯವನು ಫೋನ್ ಇಟ್ಟುಬಿಟ್ಟ.

ಇನ್ನು ಊಟ. ಮೈದಾನದ ಸುತ್ತಣ ಕೊಲಾಬದ ದೀಪಾಲಂಕಾರದ ಹೊಟೇಲುಗಳು ಪ್ರವಾಸಿಗರ ಜೇಬಿಗೆ, ನಮಗಲ್ಲ. ಬಾರುಗಳ ಮೇಲೆ ‘ಪರ್ಮಿಟ್ ರೂಮ್’ ಎಂಬ ಫಲಕವೇಕೆಂದು ಹೊಸಬರು ಕೇಳುತ್ತಾರೆ. 1949ರ ಪಾನನಿರೋಧ ಕಾಯಿದೆಯ ಉಳಿಕೆ ಅದು, ಕುಡಿಯಲು ಪರವಾನಗಿ ಬೇಕೆಂಬುದು ಕಾಗದದಲ್ಲಿ ಇಂದಿಗೂ ಇದೆ. ನಾವು ಧೋಬಿ ತಲಾವಿನ ಕಡೆಗೆ ನಡೆಯುವುದು ಲೇಸು. 1904ರಿಂದ ಅಲ್ಲಿರುವ ಕಯಾನಿಯಂಥ ಇರಾನಿ ಅಂಗಡಿಯಲ್ಲಿ ಬ್ರೂನ್ ಮಸ್ಕಾ, ಚಹಾ ಮುಂದಿಟ್ಟುಕೊಂಡು ಆಟದ ಚರ್ಚೆ ಮಾಡಬಹುದು. ಆದರೆ ಸಂಜೆಯೇ ಹೋಗಬೇಕು, ರಾತ್ರಿ ಬೇಗ ಮುಚ್ಚುತ್ತಾರೆ. ಅದೇ ಪೇಟೆಯಲ್ಲಿ ಗೋವೆಯವರ ‘ಕೂಡ್’ಗಳಿವೆ: ಒಂದೊಂದು ಹಳ್ಳಿಯವರಿಗೆ ಒಂದೊಂದು ವಸತಿ, ಸಾಲು ಸಾಲು ಟ್ರಂಕು, ಸಂಜೆಯ ಪ್ರಾರ್ಥನೆ. ನಮ್ಮ ಊರವರ ಖೋಲಿಗಳನ್ನು ನೋಡಿದವರಿಗೆ ಅದು ಪರಕೀಯವೆನಿಸದು. ಹೊಟ್ಟೆ ತುಂಬ ಎಲೆಯೂಟ ಬೇಕಾದರೆ ಮಾಟುಂಗಾ ಸ್ಟೇಶನ್ನಿನ ಪಕ್ಕದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಬೋರ್ಡಿಂಗಿದೆ. ಅದಕ್ಕೂ ತಡರಾತ್ರಿಯ ತನಕ ಕಾಯಬಾರದು. ತಡವಾದರೆ ಬೀದಿಯ ಪಾವ್‌ಭಾಜಿಯೇ ಗತಿ. ಅದು ಗಿರಣಿಯ ಕೆಲಸಗಾರರ ಅವಸರದ ಊಟವಾಗಿ ಹುಟ್ಟಿತೆಂದು ಹೇಳುವುದುಂಟು, ಆದ್ದರಿಂದ ನನಗೆ ಅದರ ಮೇಲೆ ಪಕ್ಷಪಾತ.

2017ರ ಕಾಯಿದೆಯ ಪ್ರಕಾರ ಮದ್ಯ ಮಾರದ ಅಂಗಡಿ, ಹೊಟೇಲುಗಳು ಇಡೀ ರಾತ್ರಿ ತೆರೆದಿರಬಹುದು. ಆದರೆ ಲೋಕಲ್ ಗಾಡಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಒಂದು ಗಂಟೆಯ ಸುಮಾರಿಗೆ ಕೊನೆಯ ಗಾಡಿ ಹೋದರೆ ನಾಲ್ಕರ ಮೇಲೆಯೇ ಮತ್ತೊಂದು. ಬೆಳಿಗ್ಗೆ ಹಾಜರಿ ಹಾಕಬೇಕಾದವರು ಲೆಕ್ಕವಿಟ್ಟು ಹೊರಡಬೇಕು.

ಹುಡುಗ ಹಣ ಕಟ್ಟಲಿಲ್ಲ. ಸೋಮವಾರ ಸಂಜೆ ಬಯಲಿನಲ್ಲಿ ಹುಡುಗರನ್ನು ಆಡಿಸುವ ‘ಡಿ’ ಲೈಸೆನ್ಸಿನ ಒಬ್ಬ ಬ್ಯಾಂಕ್ ಗುಮಾಸ್ತರಲ್ಲಿಗೆ ಹೋಗುತ್ತಿದ್ದಾನೆ. ಆದ್ದರಿಂದ ವಾಚನಾಲಯಕ್ಕೆ ಬರುವುದು ಈಗ ಎಂಟು ಗಂಟೆಗೆ, ಕೆಸರಾದ ಬೂಟುಗಳನ್ನು ಬಾಗಿಲ ಹೊರಗೆ ಬಿಟ್ಟು.