ಸಾಮಾನು ಬರಲಿಲ್ಲ, ಲೆಕ್ಕ ಎಲ್ಲಿ?

ಅದೊಂದು ಐಸ್ ಪೆಟ್ಟಿಗೆ. ಮುಚ್ಚಳದಲ್ಲಿ ಜ್ಯೂಸ್ ಮಾಡುವ ಬ್ಲೆಂಡರ್, ಜೊತೆಗೆ ಬ್ಲೂಟೂತ್ ಸ್ಪೀಕರ್, ಮೊಬೈಲ್ ಚಾರ್ಜ್ ಮಾಡುವ ಸೌಲಭ್ಯ, ಮರಳಿನಲ್ಲೂ ಉರುಳುವ ಅಗಲ ಚಕ್ರ. ಹೆಸರು ‘ಕೂಲೆಸ್ಟ್ ಕೂಲರ್’. ಅಮೆರಿಕದ ಪೋರ್ಟ್‌ಲ್ಯಾಂಡಿನ ರಯಾನ್ ಗ್ರೆಪ್ಪರ್ 2014ರಲ್ಲಿ ಇದರ ಮಾದರಿಯನ್ನು ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ತೋರಿಸಿ 50 ಸಾವಿರ ಡಾಲರ್ ಕೇಳಿದರು. 62,642 ಮಂದಿ 1.3 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟರು. 2015ರ ಫೆಬ್ರುವರಿಗೆ ಪೆಟ್ಟಿಗೆ ಕೈಸೇರಬೇಕಿತ್ತು. 2019ರ ಡಿಸೆಂಬರ್‌ನಲ್ಲಿ ಕಂಪನಿ ಬಾಗಿಲು ಹಾಕಿದಾಗಲೂ ಸುಮಾರು 20 ಸಾವಿರ ಮಂದಿಗೆ ಅದು ತಲುಪಿರಲಿಲ್ಲ.

ದುಡ್ಡು ಕೊಟ್ಟು ಐದು ವರ್ಷ ಕಾದ ಈ ಜನರಿಗೆ ಯಾವ ಹಕ್ಕಿತ್ತು? ಅವರು ಕೊಟ್ಟ ಹಣವನ್ನು ಯಾವ ಹೆಸರಿನಿಂದ ಕರೆಯುತ್ತೇವೆ ಎನ್ನುವುದರ ಮೇಲೆ ಉತ್ತರ ನಿಂತಿದೆ. ಬಡಗಿಗೆ ಮಂಚ ಮಾಡಿಕೊಡಲು ಕೊಟ್ಟರೆ ಅದು ಮುಂಗಡ. ಮಂಚ ಬಾರದಿದ್ದರೆ ದುಡ್ಡು ವಾಪಸ್ ಕೇಳಬಹುದು. ವ್ಯಾಪಾರಕ್ಕೆ ಹಾಕಿದರೆ ಬಂಡವಾಳ. ಲಾಭದಲ್ಲೂ ನಷ್ಟದಲ್ಲೂ ಪಾಲು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಚಿತ್ರಕ್ಕೆ 110 ಮಂದಿ ಕೂಡಿಹಾಕಿದ್ದು ಈ ಬಗೆಯ ಹಣ. ಊರಹಬ್ಬಕ್ಕೆ ಕೊಟ್ಟರೆ ವಂತಿಗೆ. ಅದನ್ನು ಯಾರೂ ಮರಳಿ ಕೇಳುವುದಿಲ್ಲ, ಆದರೆ ಹಬ್ಬ ಮುಗಿದ ಮೇಲೆ ಲೆಕ್ಕ ಕೇಳುತ್ತಾರೆ. ಹೀಗೆ ಜಾಲತಾಣದಲ್ಲಿ ಹಲವರಿಂದ ಕೂಡಿಸುವ ಕ್ರೌಡ್‌ಫಂಡಿಂಗ್ ಹಣದಲ್ಲಿ ಈ ಮೂರರ ಛಾಯೆಯೂ ಇದೆ. ಬೆಂಬಲಿಗರ ಹಕ್ಕು ರೂಪುಗೊಂಡದ್ದೂ ಈ ಗೊಂದಲದೊಳಗೆ.

ಪೀಠ ಕಟ್ಟಿದ ಪುಡಿಗಾಸು

1885ರಲ್ಲಿ ಫ್ರಾನ್ಸಿನಿಂದ ಸ್ವಾತಂತ್ರ್ಯ ದೇವಿಯ ಪ್ರತಿಮೆ ಬಿಡಿಭಾಗಗಳಾಗಿ ನ್ಯೂಯಾರ್ಕಿಗೆ ಬಂದಿಳಿಯಿತು. ನಿಲ್ಲಿಸಬೇಕಾದ ಪೀಠಕ್ಕೆ ಹಣ ಸಾಲದೆ ಕೆಲಸ ನಿಂತಿತ್ತು. ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್ ಓದುಗರ ಮುಂದೆ ಕೈಚಾಚಿದರು. ಐದೇ ತಿಂಗಳಲ್ಲಿ 1 ಲಕ್ಷ ಡಾಲರ್ ಮೀರಿ ಕೂಡಿತು. ಕೊಟ್ಟವರು ಲಕ್ಷಕ್ಕೂ ಹೆಚ್ಚು ಜನ. ಬಹುಪಾಲು ಮಂದಿಯ ಕಾಣಿಕೆ ಒಂದು ಡಾಲರ್ ಒಳಗಿನದು. ಎಷ್ಟೇ ಚಿಕ್ಕ ಮೊತ್ತವಾದರೂ ಕೊಟ್ಟವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅದು ಅಪ್ಪಟ ವಂತಿಗೆ. ಬಂದ ಹಣದ ಪಟ್ಟಿ ಎಲ್ಲರ ಕಣ್ಣೆದುರಿಗಿತ್ತು.

2009ರ ಏಪ್ರಿಲ್‌ನಲ್ಲಿ ಪೆರಿ ಚೆನ್, ಯಾನ್ಸಿ ಸ್ಟ್ರಿಕ್ಲರ್, ಚಾರ್ಲ್ಸ್ ಆ್ಯಡ್ಲರ್ ನ್ಯೂಯಾರ್ಕಿನಲ್ಲಿ ಕಿಕ್‌ಸ್ಟಾರ್ಟರ್ ಆರಂಭಿಸಿದಾಗಲೂ ಮನಸ್ಸಿನಲ್ಲಿದ್ದದ್ದು ಈ ಬಗೆಯ ಹಣವೇ. ಹಿಂದೆ ನ್ಯೂ ಆರ್ಲಿಯನ್ಸ್‌ನಲ್ಲಿ ಚೆನ್ ಒಂದು ಸಂಗೀತ ಕಛೇರಿ ಏರ್ಪಡಿಸಲು ಹೋಗಿ, ಖರ್ಚಿಗೆ ಅಂಜಿ ಕೈಬಿಟ್ಟಿದ್ದರು. ಕೇಳುಗರೇ ಮೊದಲು ಹಣ ಕೂಡಿಸಿದ್ದರೆ ಕಛೇರಿ ನಡೆಯುತ್ತಿತ್ತಲ್ಲ ಎಂಬ ಯೋಚನೆಯಿಂದ ಈ ತಾಣ ಹುಟ್ಟಿತು. ಗುರಿ ಮುಟ್ಟಿದರೆ ಮಾತ್ರ ಹಣ ಕಡಿತವಾಗುತ್ತದೆ. ಮುಟ್ಟದಿದ್ದರೆ ಯಾರ ದುಡ್ಡೂ ಹೋಗುವುದಿಲ್ಲ.

2012ರಲ್ಲಿ ಪೆಬಲ್ ಬಂತು. ಫೋನಿನ ಸಂದೇಶವನ್ನು ಮಣಿಕಟ್ಟಿನಲ್ಲಿ ತೋರಿಸುವ ಈ ಗಡಿಯಾರಕ್ಕೆ 1 ಲಕ್ಷ ಡಾಲರ್ ಕೇಳಿದರೆ 68,929 ಮಂದಿ 1 ಕೋಟಿ ಡಾಲರ್ ಮೀರಿ ಸುರಿದರು. ಇವರಲ್ಲಿ ಬಹಳ ಮಂದಿಗೆ ತಾವು ಕಲೆಯನ್ನು ಪೋಷಿಸುತ್ತಿದ್ದೇವೆ ಎಂಬ ಭಾವವಿರಲಿಲ್ಲ. ಅವರು ಗಡಿಯಾರ ಕೊಂಡಿದ್ದರು. ವಂತಿಗೆ ಅವರ ಮನಸ್ಸಿನಲ್ಲಿ ಮುಂಗಡವಾಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ‘ಕಿಕ್‌ಸ್ಟಾರ್ಟರ್ ಅಂಗಡಿಯಲ್ಲ’ ಎಂದು ಸಂಸ್ಥೆ ಘೋಷಿಸಿತು. ಕಂಪ್ಯೂಟರಿನಲ್ಲಿ ಬರೆದ ಚಿತ್ರ ತೋರಿಸಿ ಸಾಧನಕ್ಕೆ ಹಣ ಕೇಳುವಂತಿಲ್ಲ, ಎದುರಾಗಬಹುದಾದ ತೊಡಕುಗಳನ್ನು ಮೊದಲೇ ಹೇಳಬೇಕು ಎಂದಿತು.

ಮರುಪಾವತಿಯಿಂದ ಲೆಕ್ಕದವರೆಗೆ

ತಾಣದ ಹಳೆಯ ನಿಬಂಧನೆ ನೇರವಾಗಿತ್ತು: ಮಾತು ಕೊಟ್ಟ ವಸ್ತುವನ್ನು ತಲುಪಿಸು, ಇಲ್ಲವೇ ಹಣ ಮರಳಿಸು. ಆದರೆ ಅಚ್ಚು, ಮೋಟಾರು, ಸರ್ಕ್ಯೂಟಿಗೆ ಖರ್ಚಾಗಿ ಹೋದ ಹಣವನ್ನು ದಿವಾಳಿಯಾದವರು ಎಲ್ಲಿಂದ ತಂದಾರು? 2014ರ ಅಕ್ಟೋಬರ್‌ನಲ್ಲಿ ಹೊಸ ನಿಬಂಧನೆ ಜಾರಿಗೆ ಬಂತು. ಒಪ್ಪಂದ ಏನಿದ್ದರೂ ತಯಾರಕ ಮತ್ತು ಬೆಂಬಲಿಗರ ನಡುವೆ; ಶೇ 5ರಷ್ಟು ಶುಲ್ಕ ಪಡೆಯುವ ತಾಣ ಅದರಲ್ಲಿ ಪಾಲುದಾರನಲ್ಲ. ವಸ್ತು ತಲುಪಿಸಲಾಗದಿದ್ದರೆ ಏನೇನು ಕೆಲಸ ಮಾಡಿದೆ, ಹಣ ಎಲ್ಲಿ ಹೋಯಿತು ಎಂದು ತಯಾರಕ ತಿಳಿಸಬೇಕು. ಉಳಿದ ಹಣವನ್ನು ಮರಳಿಸಬೇಕು, ಇಲ್ಲವೇ ಯೋಜನೆ ಮುಗಿಸಲು ಅದನ್ನು ಹೇಗೆ ಬಳಸುತ್ತೇನೆ ಎಂದು ವಿವರಿಸಬೇಕು. ಪೂರ್ತಿ ಮರುಪಾವತಿಯ ಭರವಸೆ ಹೋಗಿ, ಆ ಜಾಗಕ್ಕೆ ಲೆಕ್ಕ ಒಪ್ಪಿಸುವ ಹೊಣೆ ಬಂತು.

ಕಾನೂನಿನ ಕೈಯೂ ಲೆಕ್ಕ ತಪ್ಪಿದ ಕಡೆಗೇ ಹೆಚ್ಚು ಚಾಚಿದೆ. 2015ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತನ್ನ ಮೊದಲ ಕ್ರೌಡ್‌ಫಂಡಿಂಗ್ ಪ್ರಕರಣ ಇತ್ಯರ್ಥಪಡಿಸಿತು. ಬೋರ್ಡ್ ಆಟವೊಂದಕ್ಕೆ 1,246 ಮಂದಿಯಿಂದ 1.22 ಲಕ್ಷ ಡಾಲರ್ ಎತ್ತಿದಾತ ಅದನ್ನು ಮನೆ ಬಾಡಿಗೆಗೆ, ಊರು ಬದಲಿಸುವ ಖರ್ಚಿಗೆ ಬಳಸಿದ ಎಂಬುದು ಆರೋಪ. 1.11 ಲಕ್ಷ ಡಾಲರ್ ಕಟ್ಟಬೇಕೆಂದು ಆದೇಶವಾಯಿತು. ಆತನಲ್ಲಿ ಹಣವಿಲ್ಲದ್ದರಿಂದ ಆದೇಶ ಅಮಾನತಿನಲ್ಲಿ ಉಳಿಯಿತು. ಅದೇ ವರ್ಷ ವಾಷಿಂಗ್ಟನ್ ರಾಜ್ಯದಲ್ಲಿ, ಬಾರದ ಇಸ್ಪೀಟು ಎಲೆಗಳ ಪ್ರಕರಣದಲ್ಲಿ, ಆ ರಾಜ್ಯದ 31 ಬೆಂಬಲಿಗರಿಗೆ ಒಟ್ಟು 668 ಡಾಲರ್ ಮರಳಿಸಲು ನ್ಯಾಯಾಲಯ ಹೇಳಿತು. ಜೊತೆಗೆ ತಲೆಗೆ ಸಾವಿರದಂತೆ 31 ಸಾವಿರ ಡಾಲರ್ ದಂಡ. ಮೊತ್ತ ಸಣ್ಣದಿರಬಹುದು, ಆದರೆ ಬೆಂಬಲಿಗನೂ ಗ್ರಾಹಕ ರಕ್ಷಣೆಯ ಕಾಯ್ದೆಯ ನೆರಳಿನಲ್ಲಿದ್ದಾನೆ ಎಂಬುದು ಅಲ್ಲಿ ಸ್ಥಿರವಾಯಿತು.

ಪ್ರಾಮಾಣಿಕವಾಗಿ ದುಡಿದೂ ಸೋತರೆ? ವೇಲ್ಸ್‌ನ ಟಾರ್ಕಿಂಗ್ ಗ್ರೂಪ್ ಅಂಗೈಯಗಲದ ‘ಝಾನೊ’ ಡ್ರೋನ್‌ಗಾಗಿ 12,075 ಮಂದಿಯಿಂದ 23 ಲಕ್ಷ ಪೌಂಡ್ ಪಡೆದು, 2015ರ ನವೆಂಬರ್‌ನಲ್ಲಿ ದಿವಾಳಿಯಾಯಿತು. ಏನಾಯಿತೆಂದು ತಿಳಿಯಲು ಕಿಕ್‌ಸ್ಟಾರ್ಟರ್ ಪತ್ರಕರ್ತ ಮಾರ್ಕ್ ಹ್ಯಾರಿಸ್ ಅವರನ್ನೇ ನೇಮಿಸಿತು. ಮೋಸದ ಉದ್ದೇಶಕ್ಕಿಂತ ತಾಂತ್ರಿಕ, ವ್ಯಾವಹಾರಿಕ ಸಾಮರ್ಥ್ಯದ ಕೊರತೆಯೇ ಕಾರಣವೆಂದು 2016ರ ಜನವರಿಯ ಅವರ ವರದಿ ಹೇಳಿತು. ಬೆಂಬಲಿಗರಿಗೆ ಹಣ ಸಿಗಲಿಲ್ಲ, ಸತ್ಯ ಸಿಕ್ಕಿತು.

ಮೊದಲು ಗೆದ್ದ ಪೆಬಲ್ ಕೂಡ 2016ರ ಕೊನೆಗೆ ಮುಚ್ಚಿತು. ಆದರೆ ಅದರ ಆಸ್ತಿಯನ್ನು ಫಿಟ್‌ಬಿಟ್ ಕೊಂಡದ್ದರಿಂದ, ಗಡಿಯಾರ ಸಿಗದೆ ಉಳಿದ ಬೆಂಬಲಿಗರಿಗೆ ಹಣ ಮರಳಿತು. ಒಂದೇ ತಾಣ, ಒಂದೇ ನಿಬಂಧನೆ. ಒಬ್ಬರಿಗೆ ಹಣ, ಇನ್ನೊಬ್ಬರಿಗೆ ಬರೀ ವರದಿ. ಹಣದ ಪೆಟ್ಟಿಗೆಯಲ್ಲಿ ಏನಾದರೂ ಉಳಿದಿದ್ದರಷ್ಟೇ ಹಂಚಲು ಸಾಧ್ಯ.

ಕೇಳುವ ಹೊತ್ತು

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮೊಲಿಕ್ 2015ರಲ್ಲಿ ಸುಮಾರು 47 ಸಾವಿರ ಬೆಂಬಲಿಗರನ್ನು ವಿಚಾರಿಸಿ, ಹಣ ಕೂಡಿದ ಯೋಜನೆಗಳಲ್ಲಿ ಶೇ 9ರಷ್ಟು ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಎಂದು ಕಂಡುಕೊಂಡರು. ಅಂದರೆ ಬಹುಪಾಲು ಯೋಜನೆಗಳು ದಡ ಸೇರುತ್ತವೆ. ಮುಳುಗುವ ದೋಣಿಯಲ್ಲಿ ಕೂತವರಿಗೆ ಇದರಿಂದ ಸಮಾಧಾನವಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕರಾರು ಸಲ್ಲಿಸಬಹುದು, ಆದರೆ ಅದರ ಗಡುವು ತಿಂಗಳುಗಳದು. ಗ್ಯಾಜೆಟ್ ತಡವಾಗುವುದು ವರ್ಷಗಟ್ಟಲೆ.

ಕೂಲೆಸ್ಟ್ ಕೂಲರ್ ಕಥೆಯಲ್ಲಿ ಎಚ್ಚರಿಕೆಗಳು ಮೊದಲೇ ಇದ್ದವು. ಬೆಂಬಲಿಗರು ಕೊಟ್ಟ ಹಣಕ್ಕಿಂತ ಪೆಟ್ಟಿಗೆ ತಯಾರಿಸಿ ಕಳಿಸುವ ಖರ್ಚೇ ಹೆಚ್ಚಾಗಿತ್ತು. ಅವರು ಕಾಯುತ್ತಿರುವಾಗಲೇ ಪೆಟ್ಟಿಗೆಗಳು ಅಮೆಜಾನ್‌ನಲ್ಲಿ ಮಾರಾಟವಾದವು. 2016ರಲ್ಲಿ, ಬೇಗ ಬೇಕಿದ್ದರೆ ಇನ್ನೂ 97 ಡಾಲರ್ ಕೊಡಿ ಎಂಬ ಕೋರಿಕೆ ಬಂತು. ಒರೆಗಾನ್ ರಾಜ್ಯದ ನ್ಯಾಯ ಇಲಾಖೆ ಮಧ್ಯೆ ಬಂದು 2017ರಲ್ಲಿ ಒಪ್ಪಂದ ಮಾಡಿಸುವ ಹೊತ್ತಿಗೆ ಹಣ ಬಹಳಷ್ಟು ಕರಗಿತ್ತು.

ಊರಿನ ಹಿರಿಯರು ಲೆಕ್ಕ ಕೇಳುತ್ತಿದ್ದದ್ದು ಹಬ್ಬ ಮುಗಿದ ಮೇಲೆ. ಕ್ರೌಡ್‌ಫಂಡಿಂಗ್‌ನಲ್ಲಿ ಅಷ್ಟು ಕಾದರೆ ಕೇಳಲು ಯಾರೂ ಉಳಿದಿರುವುದಿಲ್ಲ. ಕೊಡುವ ಮೊದಲೇ ಕೇಳಬೇಕು: ಒಂದು ವಸ್ತು ತಯಾರಿಸಲು ಎಷ್ಟು ಬೀಳುತ್ತದೆ, ಮಾದರಿ ನಿಜಕ್ಕೂ ಓಡುತ್ತದೆಯೇ, ತಯಾರಿಸುವ ಕಾರ್ಖಾನೆ ಯಾವುದು? ಮೊದಲ ಗಡುವು ತಪ್ಪಿದ ದಿನವೇ ಮತ್ತೆ ಕೇಳಬೇಕು: ಹಣದ ಪೆಟ್ಟಿಗೆಯಲ್ಲಿ ಎಷ್ಟು ಉಳಿದಿದೆ? ಪುಲಿಟ್ಜರ್ ಪುಡಿಗಾಸಿಗೂ ಹೆಸರು ಅಚ್ಚು ಹಾಕಿದರು. ಕೋಟಿಗಟ್ಟಲೆ ಡಾಲರ್ ಎತ್ತುವವರು ತಿಂಗಳಿಗೊಮ್ಮೆ ಜಮಾ-ಖರ್ಚು ಬರೆದು ತೋರಿಸಬೇಕೆನ್ನುವುದು ಅತಿಯಾಸೆಯಲ್ಲ. ದುಡ್ಡು ಇನ್ನೂ ಉಳಿದಿರುವಾಗ ಲೆಕ್ಕ ಸಿಕ್ಕರಷ್ಟೇ ಮರುಪಾವತಿ ಎಂಬ ಮಾತಿಗೆ ಬೆಲೆ.