ವಿಷಗಾಳಿಗೆ ಚಿನ್ನದ ಕಡಿವಾಣ

ಅಜ್ಜಿಯ ಕಾಲದ ಚಿನ್ನದ ಬಳೆ ಇಂದಿಗೂ ಮಾಸದೆ ಹೊಳೆಯುತ್ತದೆ. ಗಾಳಿ, ನೀರು ಯಾವುದಕ್ಕೂ ಜಗ್ಗದಿರುವುದೇ ಚಿನ್ನದ ಗುಣ. ಇಂಥ ಜಡ ಲೋಹ ಪ್ರಾಣ ತೆಗೆಯುವ ಅನಿಲವೊಂದರ ವಿಷವನ್ನು ಇಳಿಸಬಲ್ಲದು ಎಂದರೆ ನಂಬುವಿರಾ?

ಆ ಅನಿಲವೇ ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದ ಕಡೆ ಇದ್ದಿಲು, ಸೌದೆ, ಗ್ಯಾಸ್, ಪೆಟ್ರೋಲ್ ಅರೆಬರೆ ಉರಿದಾಗ ಇದು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆಗ ಮಿದುಳು, ಹೃದಯಗಳಿಗೆ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆಯಿಂದ ಆರಂಭವಾಗಿ ಎಚ್ಚರ ತಪ್ಪಬಹುದು, ಸಾವೂ ಬರಬಹುದು.

ಜಪಾನಿನ ಒಸಾಕಾದ ವಿಜ್ಞಾನಿ ಮಸಾತಾಕೆ ಹರುತಾ ಮತ್ತು ಸಂಗಡಿಗರು 1987ರಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಕಬ್ಬಿಣದ ಆಕ್ಸೈಡ್‌ನಂಥ ಪುಡಿಯ ಮೇಲೆ ಚಿನ್ನವನ್ನು ಅತಿ ಸೂಕ್ಷ್ಮ ಕಣಗಳಾಗಿ ಕೂರಿಸಿದಾಗ, ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲೂ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದೊಡನೆ ಕೂಡಿ ಕಾರ್ಬನ್ ಡೈ ಆಕ್ಸೈಡ್ ಆಯಿತು. ಈ ಕೆಲಸಕ್ಕೆ ಚಿನ್ನದ ಕಣ 5 ನ್ಯಾನೊಮೀಟರಿಗಿಂತ ಚಿಕ್ಕದಿದ್ದರೆ ಒಳ್ಳೆಯದು. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್!

ಗಟ್ಟಿಯಲ್ಲಿ ಚಿನ್ನದ ಪರಮಾಣುಗಳು ಬಹುಪಾಲು ಒಳಗೇ ಹುದುಗಿರುತ್ತವೆ. ಕಣ ಚಿಕ್ಕದಾದಂತೆ ಹೊರಗಿನ, ಅಂಚಿನ ಪರಮಾಣುಗಳ ಪಾಲು ಹೆಚ್ಚುತ್ತದೆ. ವಿಷಾನಿಲ ಅವಕ್ಕೆ ಅಂಟಿಕೊಳ್ಳುತ್ತದೆ. ಚಿನ್ನವೂ ಆಕ್ಸೈಡೂ ಸೇರುವ ಅಂಚಿನಲ್ಲಿ ಆಮ್ಲಜನಕ ಅದನ್ನು ಕೂಡುತ್ತದೆ. ಗಂಡು ಹೆಣ್ಣನ್ನು ಕೂಡಿಸಿ ತಾನು ಪಕ್ಕಕ್ಕೆ ಸರಿಯುವ ಮದುವೆ ದಲ್ಲಾಳಿಯಂತೆ ಚಿನ್ನ ಖರ್ಚಾಗದೆ ಉಳಿಯುತ್ತದೆ. ಇಂಥ ವಸ್ತುವಿಗೆ ಕ್ರಿಯಾವರ್ಧಕ ಎಂದು ಹೆಸರು. ರಕ್ಷಣಾ ಮುಖವಾಡಗಳಲ್ಲಿ ಹಿಂದಿನಿಂದ ಬಳಸುವ ಮ್ಯಾಂಗನೀಸ್-ತಾಮ್ರದ ಆಕ್ಸೈಡ್ ಪುಡಿ ತೇವ ತಗುಲಿದರೆ ಕೆಡುತ್ತದೆ. ಚಿನ್ನದ ಪುಡಿಗಾದರೋ ಗಾಳಿಯ ತೇವ ನೆರವಾಗುತ್ತದೆ.

ಆದರೆ ಇದು ಗಾಳಿಯನ್ನು ಶುದ್ಧ ಮಾಡುವ ಉಪಾಯವೇ ಹೊರತು ರೋಗಿಗೆ ಕೊಡುವ ಮದ್ದಲ್ಲ. ಚಿನ್ನದ ಭಸ್ಮ ನುಂಗಿದರೆ ರಕ್ತಕ್ಕೆ ಸೇರಿದ ವಿಷ ಇಳಿಯದು. ಅದಕ್ಕೆ ಆಮ್ಲಜನಕವೇ ಔಷಧ. ಬರೀ ಗಾಳಿಯಲ್ಲಿ ವಿಷ ಅರ್ಧಕ್ಕಿಳಿಯಲು 4-5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಂಬಿ ಕೂರಬೇಡಿ. ಈ ವಿಷದಲ್ಲಿ ಅದು ಸುಳ್ಳುಸುಳ್ಳೇ 98 ತೋರಿಸಬಹುದು.

ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ ಹಾಕಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು ಬಂದರೆ ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಬಂದು, ಕೂಡಲೇ ಆಸ್ಪತ್ರೆಗೆ ಹೋಗಿ.