ಸೊಂಟ ಉಳಿಸುವ ಗುದ್ದಲಿ ಕಾವು

ನಂಜನಗೂಡು, ತಿ. ನರಸೀಪುರದ ಕಡೆ ತೋಟದಲ್ಲಿ ಸೊಂಟ ಹಿಡಿದು ಕೂತವರನ್ನು ಕೇಳಿದರೆ ‘ವಯಸ್ಸಾಯ್ತಲ್ಲ’ ಎಂಬ ಉತ್ತರ ಬರುತ್ತದೆ. ವಯಸ್ಸಿನ ಪಾಲೂ ಇದೆ, ಇಲ್ಲವೆನ್ನಲಾಗದು. ಆದರೆ ಗಿಡ್ಡ ಕಾವಿನ ಗುದ್ದಲಿ ಮತ್ತು ಬಗ್ಗಿ ಎತ್ತುವ ರೀತಿ ಮಾಡುವ ಹಾನಿಯನ್ನು ವಯಸ್ಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಲೆಕ್ಕ ಸರಳ. ಭಾರವನ್ನು ತಡೆದು ಹಿಡಿಯುವ ಬೆನ್ನಿನ ಸ್ನಾಯು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂ.ಮೀ. ಹಿಂದಿದೆ. 10 ಕೆ.ಜಿ. ಬಾಳೆಗೊನೆಯನ್ನು ಕೈ ಚಾಚಿ 50 ಸೆಂ.ಮೀ. ದೂರದಲ್ಲಿ ಹಿಡಿದರೆ ಆ ಸ್ನಾಯು 100 ಕೆ.ಜಿ.ಯಷ್ಟು ಎಳೆಯಬೇಕಾಗುತ್ತದೆ. ಮುಂದಕ್ಕೆ ಬಾಗಿದ ಮೈಯ ತೂಕ ಬೇರೆ. ಈ ಎಳೆತವೆಲ್ಲ ಬೀಳುವುದು ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕಿನ ಮೇಲೆ. ಅದೇ ಗೊನೆಯನ್ನು ಎದೆಯ ಹತ್ತಿರ, 20 ಸೆಂ.ಮೀ.ಗೆ ತಂದುಕೊಂಡರೆ 40 ಕೆ.ಜಿ. ಸಾಕು. ರಸಬಾಳೆಯೋ ಏಲಕ್ಕಿಯೋ, ಬಾಳೆಯ ಸೊನೆ ಅಂಗಿಗೆ ಹತ್ತಿದರೆ ಕಲೆ ಹೋಗದು, ಅದಕ್ಕೇ ಗೊನೆಯನ್ನು ದೂರ ಹಿಡಿಯುತ್ತೇವೆ. ಹಳೆಯ ಗೋಣಿಚೀಲವೊಂದನ್ನು ಎದೆಗೆ ಕಟ್ಟಿಕೊಂಡರೆ ಅಂಗಿಯೂ ಉಳಿಯುತ್ತದೆ, ಸೊಂಟವೂ ಉಳಿಯುತ್ತದೆ.

ಯೂರಿಯಾ ಚೀಲ 45 ಕೆ.ಜಿ., ಡಿಎಪಿ 50. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ, ಎಲ್ಲ ಅನುಕೂಲವಿದ್ದರೂ ಒಬ್ಬರು ಎತ್ತಲು ತಕ್ಕ ಮಿತಿ 23 ಕೆ.ಜಿ. ಚೀಲ ಎತ್ತಲು ಇಬ್ಬರು ಬೇಕು, ಇಲ್ಲವೇ ಅರ್ಧ ಬೇರೆ ಚೀಲಕ್ಕೆ ಸುರಿದುಕೊಳ್ಳಬೇಕು.

ಇನ್ನೊಂದು ಸಂಗತಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬುತ್ತದೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅದರ ಮೇಲೆ ಒತ್ತಡ ಉಳಿದ ಹೊತ್ತಿಗಿಂತ ಜಾಸ್ತಿ. ಬಿಸಿಲೇರುವ ಮುಂಚೆ ತೋಟಕ್ಕೆ ಹೋಗುವುದು ಬುದ್ಧಿವಂತಿಕೆಯೇ, ಅದನ್ನು ಬಿಡಬೇಕಿಲ್ಲ. ಕೆಲಸದ ಸರದಿ ಬದಲಿಸಿ: ಮೊದಲು ನೀರು ಬಿಡುವುದು, ಒಣಗಿದ ಬಾಳೆ ಎಲೆ ಕೊಯ್ಯುವುದು ಮುಂತಾದ ನಿಂತು ಮಾಡುವ ಕೆಲಸ, ಬಾಳೆಕಂದು ಅಗೆಯುವುದು ಆಮೇಲೆ. ಅರ್ಧ ಗಂಟೆ ಬಗ್ಗಿ ಕಳೆ ಕಿತ್ತವರು ಎದ್ದ ಕೂಡಲೇ ಮಂಕರಿಗೆ ಕೈ ಹಾಕಬಾರದು. ಬೆನ್ನಿನ ಕಟ್ಟುಗಳು ಆಗ ಸಡಿಲಗೊಂಡಿರುತ್ತವೆ. ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗಿ, ಎರಡು ನಿಮಿಷ ಓಡಾಡಿ, ಆಮೇಲೆ ಎತ್ತಿ.

ಇನ್ನು ಕಾವು. ನಿಂತು ಎಳೆಯುವ ಕಳೆ ಸಲಕರಣೆಯ ಕಾವು ಎದೆಮಟ್ಟಕ್ಕಿರಲಿ. ಬೀಸಿ ಅಗೆಯುವ ಗುದ್ದಲಿಗೆ ಅಷ್ಟುದ್ದ ಒಗ್ಗದು, ಆದರೂ ಈಗಿರುವುದಕ್ಕಿಂತ ಗೇಣುದ್ದ ಹೆಚ್ಚಾದರೆ ಬಗ್ಗುವುದು ಎಷ್ಟೋ ಕಡಿಮೆಯಾಗುತ್ತದೆ. ಎರೆಭೂಮಿಯಲ್ಲಿ ಮಣ್ಣು ಅಂಟಿ ಗುದ್ದಲಿಯ ತೂಕ ಏರುತ್ತಲೇ ಹೋಗುತ್ತದೆ, ಕಡ್ಡಿಯಿಂದ ಆಗಾಗ ಕೆರೆದುಕೊಳ್ಳಿ. ಮೊಂಡು ಕುಡ್ಲು ಮಣಿಕಟ್ಟಿಗೆ ಶತ್ರು.

ರೇಷ್ಮೆ ಬೆಳೆಯುವವರ ಕಷ್ಟ ಬೇರೆ. ಹಿಪ್ಪುನೇರಳೆಯನ್ನು ಬುಡದಲ್ಲಿ ಕಟಾವು ಮಾಡಲು ಪೂರ್ತಿ ಬಗ್ಗಬೇಕು, ಕೊಯ್ದ ಕೂಳೆ ಕಾಲಿಗೆ ಚುಚ್ಚುತ್ತದೆ. ಗಿಡವನ್ನು ಮರಪದ್ಧತಿಯಲ್ಲಿ ಎತ್ತರಕ್ಕೆ ಬಿಟ್ಟರೆ ನಿಂತೇ ಕಟಾವು ಮಾಡಬಹುದು. ಹವಾಯಿ ಚಪ್ಪಲಿ ಕೂಳೆಯನ್ನು ತಡೆಯದು, ಗಟ್ಟಿ ಅಡಿಯ ಶೂ ಬೇಕು. ಚುಚ್ಚಿದರೆ ಸೋಪು ಹಾಕಿ ತೊಳೆದು, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು 5 ವರ್ಷ ದಾಟಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ತಿ. ನರಸೀಪುರ ತಾಲ್ಲೂಕಿನವರಿಗೆ ಒಂದು ಮಾತು ಹೆಚ್ಚು. 2022ರ ಕೊನೆಯಲ್ಲಿ, 2023ರ ಜನವರಿಯಲ್ಲಿ ಚಿರತೆ ದಾಳಿಗೆ ಅಲ್ಲಿ ಜೀವಗಳು ಹೋದವು. ಮುಸ್ಸಂಜೆಯಲ್ಲಿ ಒಬ್ಬರೇ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು ಮಂಡಿಗಷ್ಟೇ ಅಪಾಯವಲ್ಲ.

ಸೊಂಟ ಹಿಡಿದರೆ ಬೆನ್ನು ತುಳಿಸಿಕೊಳ್ಳಬೇಡಿ, ವಾರಗಟ್ಟಲೆ ಮಲಗಲೂಬೇಡಿ. ತಡೆಯುವಷ್ಟು ಓಡಾಡುತ್ತಿದ್ದರೆ ಬೇಗ ವಾಸಿ. ಕಾಲಿಗೆ ಜೋಮು ಹಿಡಿದು ಬಲ ಕುಂದಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಸಲಕರಣೆಗಳ ಬಗ್ಗೆ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿರುವ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಸುತ್ತೂರು ಜಾತ್ರೆಯ ಕೃಷಿ ಮೇಳಕ್ಕೂ ಹೋಗಿ ನೋಡಿ. ನಮ್ಮಲ್ಲಿ ಕಳೆ ತೆಗೆಯುವವರು ಹೆಚ್ಚಾಗಿ ಹೆಂಗಸರು, ಸಲಕರಣೆ ಕೊಳ್ಳುವವರು ಗಂಡಸರು. ಈ ಸಲ ಹೆಂಗಸರನ್ನೂ ಕರೆದುಕೊಂಡು ಹೋಗಿ, ಕಾವನ್ನು ಅವರ ಕೈಗೆ ಕೊಟ್ಟು ಅವರ ಅಳತೆಗೇ ಕೊಳ್ಳಿ.